ಅಣ್ಣ ತಂಗಿ ಹಂಚಿಕೊಂಡ ಫೋಲ್ಡರ್

ಶಾದ್ಲಿ ಫೂರಾತಿ ನನ್ನ ಅಂಗಡಿಯ ಮೇಲಿನ ಮನೆಯಲ್ಲಿ ಇರುತ್ತಾನೆ. ನನ್ನದು ಕನ್ನಡಕದ ಅಂಗಡಿ. ಸ್ಫಾಕ್ಸ್‌ನ ಹಳೇ ಕೋಟೆಗೋಡೆಯ ಆಚೆ, ಮೀನು ಮಾರ್ಕೆಟ್ಟಿಗೆ ಹೋಗುವ ರಸ್ತೆಯಲ್ಲಿದೆ. ಅವನು ಭೂಮಾಪನ ಇಲಾಖೆಯಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತನಾದವನು. ಮದುವೆ ಆಗಲಿಲ್ಲ. ಮೊದಮೊದಲು ಜನ ಯಾಕೆ ಅಂತ ಕೇಳುತ್ತಿದ್ದರು, ಆಮೇಲೆ ಕೇಳುವುದನ್ನೂ ಬಿಟ್ಟರು. ತಾಯಿ ಲಲ್ಲಾ ಬೇಯಾ ಇರುವ ತನಕ ಅವಳ ಜೊತೆಗಿದ್ದ. ಅವಳು ಹೋದ ಮೇಲೆ ಆ ಮನೆಯಲ್ಲಿ ಒಬ್ಬನೇ ಉಳಿದ.

ಅಚ್ಚುಕಟ್ಟು ಅಂದರೆ ಅವನಿಗೆ ಒಂಥರಾ ಹಸಿವು. ಹರೀಸಾ ಖಾರದ ಚಟ್ನಿಗೆ ಮೆಣಸಿನಕಾಯಿ ಅರೆದು ಬಾಟಲಿಗೆ ತುಂಬಿದರೆ ಮೇಲೆ ತಾರೀಖು ಬರೆದು ಅಂಟಿಸುತ್ತಾನೆ. ಸಂಜೆ ನಮಾಜಿಗೆ ಮುಂಚೆ ಅಂಗಡಿಗೆ ಬಂದು ಕುಳಿತರೆ, ನಾನು ಗಿರಾಕಿಗೆ ತೋರಿಸಿ ಹಾಗೇ ಬಿಟ್ಟ ಕನ್ನಡಕಗಳನ್ನೆಲ್ಲ ಬಣ್ಣದ ಪ್ರಕಾರ ಜೋಡಿಸಿಯೇ ಚಹಾ ಮುಟ್ಟುವುದು. ನನ್ನ ಹೆಂಡತಿ ಅವನನ್ನು ಕಂಡರೆ, "ಶಾದ್ಲಿ ಸಾಹೇಬ್ರೇ, ನಮ್ಮ ಮನೆಗೂ ಒಂದ್ಸಲ ಬನ್ನಿ, ಈ ಮನುಷ್ಯನ ಬೀರು ನೋಡಿ ಅಳ್ತೀರ" ಅಂತ ನಗುತ್ತಾಳೆ. ಅವನು ನಗುವುದಿಲ್ಲ. ನಿಜವಾಗಿಯೂ ಯಾವತ್ತು ಬರಲಿ ಅಂತ ಯೋಚಿಸುತ್ತಾನೆ.

ಅವನಿಗೆ ಇರುವುದು ಒಬ್ಬಳೇ ತಂಗಿ, ಖದೀಜಾ. ಎಲ್ಲರಿಗೂ ಅವಳು ದೂಜಾ. ದೇಶದ ಇನ್ನೊಂದು ತುದಿಯಲ್ಲಿರುವ ಬಿಜೆರ್ತಾದಲ್ಲಿ ಹೆರಿಗೆ ಮಾಡಿಸುವ ದಾದಿ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಲಲ್ಲಾ ಬೇಯಾ ಸತ್ತದ್ದು ಜುಲೈ ತಿಂಗಳ ಉರಿಬಿಸಿಲಿನಲ್ಲಿ, ಬೆಳಗಿನ ಹೊತ್ತು. ಸುದ್ದಿ ಮುಟ್ಟಿದ ಕೂಡಲೇ ದೂಜಾ ಹೊರಟಳು. ಆದರೆ ಅವತ್ತೇ ದಾರಿಯಲ್ಲಿ ಮುಷ್ಕರದವರು ಟೈರು ಸುಟ್ಟು ರಸ್ತೆ ಕಟ್ಟಿದ್ದರು. ವ್ಯಾನಿನೊಳಗಿಂದ ಅವಳು ಫೋನ್ ಮಾಡುತ್ತಲೇ ಇದ್ದಳು: "ಕಾಯಿರಿ, ಬರ್ತಿದೀನಿ, ನಾನು ಬರೋವರೆಗೂ ಎತ್ತಬೇಡಿ." ಇಲ್ಲಿ ಸೋದರಮಾವಂದಿರು ಸೆಖೆಯ ಮಾತೆತ್ತಿದರು. ಇಮಾಮರು ಮಧ್ಯಾಹ್ನದ ನಮಾಜಿನ ನಂತರ ಆಗಿಬಿಡಲಿ ಅಂದರು. ಶಾದ್ಲಿ ಯಾರಿಗೂ ಎದುರಾಡಲಿಲ್ಲ. ದೂಜಾ ಸ್ಮಶಾನಕ್ಕೆ ಬಂದಾಗ ಮಣ್ಣು ಮುಚ್ಚಿ, ಮೇಲೆ ನೀರು ಚಿಮುಕಿಸಿ ಆಗಿತ್ತು.

ಅವಳು ಅಳಲಿಲ್ಲ. ಅಣ್ಣನ ಮುಖವನ್ನೇ ನೋಡಿ, "ಒಂದು ಗಂಟೆ ಕಾಯೋಕೆ ಆಗ್ಲಿಲ್ವಾ ನಿನಗೆ?" ಅಂದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಅವಳು ಬಂದ ವ್ಯಾನಿಗೇ ಹತ್ತಿ ವಾಪಸು ಹೋದಳು. ಅಲ್ಲಿಗೆ ಅವರಿಬ್ಬರ ಮಾತು ನಿಂತಿತು.

ನಲವತ್ತನೇ ದಿನದ ಊಟಕ್ಕೆ ನೆಂಟರೆಲ್ಲ ಸೇರಿದಾಗ, ಚಿಕ್ಕಪ್ಪನ ಮೊಮ್ಮಗಳು ಸಲ್ವಾ ಒಂದು ಕೆಲಸ ಮಾಡಿದಳು. ಅಂತರ್ಜಾಲದಲ್ಲಿ ಎಲ್ಲರೂ ತೆರೆಯಬಹುದಾದ ಒಂದು ಫೋಲ್ಡರ್ ಮಾಡಿ, "ನಿಮ್ಮ ನಿಮ್ಮ ಫೋನಿನಲ್ಲಿರೋ ಅಜ್ಜಿಯ ಫೋಟೊ, ಹಳೇದು ಹೊಸದು ಎಲ್ಲಾ ಇದಕ್ಕೆ ಹಾಕಿ" ಅಂದಳು. ಮನೆಗೆ ದೊಡ್ಡವನು ಅಂತ ಅದರ ಉಸ್ತುವಾರಿ ಶಾದ್ಲಿಯ ಹೆಸರಿಗೆ ಮಾಡಿಟ್ಟಳು. ಬಿಜೆರ್ತಾದಿಂದ ದೂಜಾ ಬರಲಿಲ್ಲ, ಆದರೆ ತನ್ನ ಬಳಿ ಇದ್ದದ್ದನ್ನು ಹಾಕಿದಳು. ಒಂದೆರಡು ವಾರ ಎಲ್ಲರೂ ಹಾಕಿದರು. ಆಮೇಲೆ ಎಲ್ಲರೂ ಮರೆತರು.

ಶಾದ್ಲಿ ಅದನ್ನು ಮತ್ತೆ ತೆರೆದದ್ದು ಕೆಲವು ವರ್ಷಗಳ ನಂತರ, ನಿವೃತ್ತಿಯಾದ ಮೇಲೆ. ಬೆಳಿಗ್ಗೆ ಎದ್ದರೆ ಹೋಗುವ ಜಾಗವಿಲ್ಲ. ಹಗಲು ಉದ್ದ. ಲ್ಯಾಪ್‌ಟಾಪ್ ತೆರೆದು ನೋಡಿದರೆ ಬೀದಿ ಗುಡಿಸಿ ರಾಶಿ ಹಾಕಿದ ಹಾಗಿತ್ತಂತೆ. ಬರೀ ಅಕ್ಷರ ಅಂಕಿಗಳ ಹೆಸರು ಹೊತ್ತ ಸಾವಿರಾರು ಫೈಲು. ತಾಯಿಯ ಮದುವೆಯ ಫೋಟೊ ಪಕ್ಕದಲ್ಲಿ ಯಾರದೋ ಬಕ್ರೀದಿನ ಕುರಿ, ಅದರ ಪಕ್ಕದಲ್ಲಿ ನಲ್ಲಿ ರಿಪೇರಿಯವನ ವಿಳಾಸದ ಚೀಟಿ, ಕಣ್ಣಿನ ಡಾಕ್ಟರ ಔಷಧಿ ಚೀಟಿ, ಒಂದೇ ಫೋಟೊ ಆರು ಸಲ.

ಮರುದಿನ ನಕ್ಷೆ ಬರೆಯುವ ದೊಡ್ಡ ಹಾಳೆ ಹಿಡಿದು ಅಂಗಡಿಗೆ ಬಂದ. ಹಾಳೆಯ ತುಂಬ ಪೆನ್ಸಿಲ್ಲಿನ ಗೆರೆ, ಚೌಕ. ವಂಶವೃಕ್ಷದ ಹಾಗೆ ಕಾಣುತ್ತಿತ್ತು.

"ನೋಡು ಬೆಶೀರ್. ಮೇಲೆ ವರ್ಷ. ವರ್ಷದೊಳಗೆ ಸಂದರ್ಭ. ಫೈಲಿನ ಹೆಸರಿನಲ್ಲೂ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ತಾರೀಖು. ಹಾಗೆ ಬರೆದರೆ ತಾವಾಗೇ ಸಾಲಾಗಿ ನಿಲ್ತಾವೆ, ಯಾರೂ ನಿಲ್ಲಿಸಬೇಕಾಗಿಲ್ಲ."

"ವರ್ಷ ಗೊತ್ತಿಲ್ಲದಿದ್ರೆ?"

"ಅದಕ್ಕೆ 'ಅಂದಾಜು' ಅಂತ ಒಂದು."

"ಸರಿ. ಈ ಕುರಿ?"

"ಯಾವ ಹಬ್ಬದ ಕುರಿಯೋ ಆ ವರ್ಷಕ್ಕೆ. ಇನ್ನೊಂದು, ಬೆಶೀರ್. ಮೂರು ಬಾಗಿಲಿಗಿಂತ ಒಳಗೆ ಹೋಗಬಾರದು. ಫೋಲ್ಡರೊಳಗೆ ಫೋಲ್ಡರು, ಅದರೊಳಗೆ ಮತ್ತೊಂದು ಅಂತ ಮಾಡ್ತಾ ಹೋದ್ರೆ ಇಟ್ಟವನಿಗೇ ಮರೆತು ಹೋಗತ್ತೆ. ಒಂದು ಫೈಲಿಗೆ ಒಂದೇ ಮನೆ. ಎರಡು ಕಡೆ ಇಟ್ರೆ ಯಾವುದು ಅಸಲು ಯಾವುದು ನಕಲು ಅಂತ ಗೊತ್ತಾಗಲ್ಲ."

ಇಡೀ ಚಳಿಗಾಲ ಅದೇ ಕೆಲಸ. ಎಣ್ಣೆ ಗಿರಣಿಗಳು ಶುರುವಾಗಿ ಊರೆಲ್ಲ ಹೊಸ ಆಲಿವ್ ಎಣ್ಣೆಯ ವಾಸನೆ ತುಂಬಿದ್ದಾಗ ಅವನು ಕಿಟಕಿ ಮುಚ್ಚಿಕೊಂಡು ತನ್ನ ಬಾಲ್ಯದ ವರ್ಷಗಳಿಗೆ ಫೋಲ್ಡರ್ ಮಾಡುತ್ತಿದ್ದ. ಫೋಟೊದಲ್ಲಿ ದೂಜಾಗೆ ಎಷ್ಟು ಹಲ್ಲು ಬಿದ್ದಿದೆ ಅಂತ ನೋಡಿ ವರ್ಷ ಲೆಕ್ಕ ಹಾಕುತ್ತಿದ್ದ. ಕೆರ್ಕೆನ್ನಾ ದ್ವೀಪಕ್ಕೆ ಹೋಗಿದ್ದ ಒಂದು ಬೇಸಿಗೆಯನ್ನು ಯಾವ ವರ್ಷಕ್ಕೆ ಹಾಕುವುದು ಅಂತ ಒಂದು ವಾರ ಒದ್ದಾಡಿದ.

ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ನಾನು ಅಂಗಡಿಯ ಶಟರ್ ಎತ್ತುವುದಕ್ಕೂ ಬಿಡದೆ ಕೆಳಗಿಳಿದು ಬಂದ.

"ಬೆಶೀರ್, ಯಾರೋ ನುಗ್ಗಿದ್ದಾರೆ ಕಣೋ."

"ಮನೆಗಾ? ಏನು ಹೋಯ್ತು?"

"ಏನೂ ಹೋಗಿಲ್ಲ. ಎಲ್ಲಾ ಜಾಗ ಬದಲಾಗಿದೆ."

ಲ್ಯಾಪ್‌ಟಾಪ್ ಕೌಂಟರಿನ ಮೇಲಿಟ್ಟು ತೋರಿಸಿದ. ವರ್ಷಗಳು ಮಾಯವಾಗಿದ್ದವು. ಅವುಗಳ ಜಾಗದಲ್ಲಿ 'ಅಮ್ಮ', 'ಅಪ್ಪ', 'ಅಜ್ಜಿ', 'ಅಡುಗೆ', 'ಮದುವೆಗಳು', 'ಅಮ್ಮನ ಗಿಡಗಳು' ಅಂತ ಹೊಸ ಫೋಲ್ಡರುಗಳಿದ್ದವು. ಮೂಲೆಯಲ್ಲಿ ಬದಲಾಯಿಸಿದವರ ಹೆಸರು ಬರುತ್ತದಲ್ಲ, ಅಲ್ಲಿ 'ದೂಜಾ' ಅಂತಿತ್ತು. ಆರು ವರ್ಷದ ನಂತರ ತಂಗಿಯ ಹೆಸರು ಅವನ ಕಣ್ಣಿಗೆ ಬಿದ್ದದ್ದು ಹಾಗೆ.

ಅವನು ಸಿಟ್ಟಾಗಿದ್ದ. ಆದರೆ ಬಾಣದ ಗುರುತನ್ನು ಆ ಹೆಸರಿನ ಮೇಲಿಂದ ಸರಿಸಲಿಲ್ಲ.

"ಫೋನ್ ಮಾಡಿ ಮಾತಾಡಬಾರದಾ?" ಅಂದೆ.

"ಅವಳು ಕೆಡಿಸಿದ್ದಾಳೆ, ನಾನು ಮಾಡಬೇಕಾ?"

ಎಲ್ಲವನ್ನೂ ಮತ್ತೆ ವರ್ಷಗಳಿಗೆ ತಂದಿಟ್ಟ. ವಾರ ಕಳೆಯುವಷ್ಟರಲ್ಲಿ ಅವಳು ಮತ್ತೆ ಜನರ ಹೆಸರಿಗೆ ಎಳೆದಳು. ಈ ಸಲ ಒಂದು ಫೋಲ್ಡರಿನ ಹೆಸರು 'ಅಮ್ಮ-ಮುಟ್ಟಬೇಡ' ಅಂತಿತ್ತು. ಇವನು ಅದನ್ನು ಮುಟ್ಟದೆ, ಹಾಗೇ ಎತ್ತಿ 'ವ್ಯಕ್ತಿಗಳು' ಅನ್ನುವ ಇನ್ನೊಂದರೊಳಗೆ ಇಟ್ಟ. ಮರುದಿನ ಆ 'ವ್ಯಕ್ತಿಗಳು' ಅನ್ನುವುದರ ಹೆಸರು ಬದಲಾಗಿ 'ಇದು-ನಿನ್ನ-ಇಲಾಖೆಯಲ್ಲ-ಸಾಹೇಬ' ಅಂತಾಗಿತ್ತು. ಅದನ್ನು ನನಗೆ ಓದಿ ಹೇಳುವಾಗ ಅವನ ಮೀಸೆ ನಡುಗುತ್ತಿತ್ತು. ಸಿಟ್ಟಿಗೋ ನಗುವಿಗೋ ನನಗೆ ಗೊತ್ತಾಗಲಿಲ್ಲ.

ಜಗಳದಲ್ಲಿ ನ್ಯಾಯ ಎರಡೂ ಕಡೆ ಇತ್ತು. ಅಪ್ಪ, ಅಮ್ಮ, ಅಜ್ಜಿ ಮೂವರೂ ಇರುವ ಫೋಟೊವನ್ನು ದೂಜಾ ಮೂರು ಕಡೆ ಇಡುತ್ತಿದ್ದಳು. ನಕಲು ಕಂಡರಾಗದ ಶಾದ್ಲಿ ಎರಡನ್ನು ಅಳಿಸುತ್ತಿದ್ದ. ಅಜ್ಜಿಯನ್ನು ಹುಡುಕಿಕೊಂಡು ಬಂದ ಅವಳಿಗೆ ಅಜ್ಜಿ ಸಿಗುತ್ತಿರಲಿಲ್ಲ. ಕೊನೆಗೆ ಅವನೇ ಒಂದು ದಾರಿ ಕಂಡುಕೊಂಡ. ಫೋಟೊ ಇರುವುದು ವರ್ಷದಲ್ಲೇ. ಆದರೆ 'ಜನ' ಅಂತ ಬೇರೆ ಫೋಲ್ಡರ್ ಮಾಡಿ, ಪ್ರತಿಯೊಬ್ಬರ ಹೆಸರಿನಲ್ಲೂ ಆ ಫೋಟೊಗೆ ಹೋಗುವ ಬರೀ ದಾರಿಯನ್ನಷ್ಟೇ ಇಡುವುದು. ಒತ್ತಿದರೆ ಅಲ್ಲಿಗೆ ಕರೆದುಕೊಂಡು ಹೋಗುತ್ತದೆ, ನಕಲು ಆಗುವುದಿಲ್ಲ. ತಿಂಗಳುಗಟ್ಟಲೆ ಕುಳಿತು ಅದನ್ನು ಮಾಡಿದ. ದೂಜಾ ಅದನ್ನು ಕೆಡಿಸಲಿಲ್ಲ. ಅವಳು ಒಪ್ಪಿಕೊಂಡಳು ಅಂತ ಅವನಿಗೆ ಗೊತ್ತಾದದ್ದು ಅಷ್ಟರಿಂದಲೇ.

ಆಮೇಲೆ 'ಯಾರಿವರು?' ಅಂತ ಒಂದು ಫೋಲ್ಡರ್ ಮಾಡಿದ. ಮುಖ ಗುರುತು ಸಿಗದ ಫೋಟೊಗಳನ್ನೆಲ್ಲ ಅದರೊಳಗೆ ಹಾಕಿದ. ಮಾರನೆಯ ದಿನ ನೋಡಿದರೆ ಅವಕ್ಕೆ ಹೆಸರು ಬಂದಿತ್ತು. 'ಹಲೀಮ ಅತ್ತೆಯ ಎರಡನೇ ಸೊಸೆ, ಮಹಾ ಜಂಬದವಳು.' 'ಎಣ್ಣೆ ಗಿರಣಿಯ ತಿಜಾನಿ, ಅಪ್ಪನ ಜೊತೆ ಇಸ್ಪೀಟಾಡಿ ಯಾವಾಗಲೂ ಸೋಲುತ್ತಿದ್ದ.' ಇನ್ನೊಂದಕ್ಕೆ, 'ಇದು ನೀನೇ, ಪೆದ್ದ. ಅತ್ತೆ ಮಗಳ ಗೌನು ಹಾಕಿಸಿದ್ದರು.'

ಆ ಬೇಸಿಗೆ ಅವನ ಮುಖದಲ್ಲಿ ಒಂದು ಕಳೆ ಬಂದಿತ್ತು. ಸಂಜೆ ಬಂದು, "ಇವತ್ತು ಏನು ಬರೆದಿದ್ದಾಳೆ ಗೊತ್ತಾ" ಅಂತ ಶುರುಮಾಡುತ್ತಿದ್ದ. ಒಂದು ದಿನ ಅವನು ಆ ಫೋಲ್ಡರಿಗೆ ಹಾಕುತ್ತಿದ್ದ ಫೋಟೊ ನನ್ನ ಕಣ್ಣಿಗೆ ಬಿತ್ತು. ಅದರಲ್ಲಿದ್ದವರು ಅವನ ಸ್ವಂತ ಸೋದರಮಾವ. ಪ್ರತಿ ಶುಕ್ರವಾರ ಮಸೀದಿಯಲ್ಲಿ ಸಿಗುವವರು.

"ಏನೋ, ಮಾವನ ಗುರುತೂ ಸಿಗಲ್ವಾ ನಿನಗೆ?"

"ಹಳೇ ಫೋಟೊ," ಅಂದ. "ಸರಿಯಾಗಿ ಕಾಣ್ತಿಲ್ಲ."

ನಾನು ಕನ್ನಡಕದವನು. ಅವನ ಕಣ್ಣು ಎಷ್ಟು ಚೆನ್ನಾಗಿದೆ ಅಂತ ನನಗೆ ಗೊತ್ತು.

ಅಕ್ಟೋಬರಿನಲ್ಲಿ ಆದದ್ದು ಇಷ್ಟು. ಫೋಲ್ಡರಿನ ಜಾಗ ತುಂಬುತ್ತಾ ಬಂದಿದೆ ಅಂತ ಸೂಚನೆ ಬಂತು. ಶಾದ್ಲಿ ಸ್ವಚ್ಛ ಮಾಡಲು ಕುಳಿತ. ಮಸುಕಾದ ಫೋಟೊ, ಬೆರಳು ಅಡ್ಡ ಬಂದದ್ದು, ಕುರಿ, ನಲ್ಲಿಯವನ ಚೀಟಿ ಎಲ್ಲ ಹೋಯಿತು. ಒಂದು ಮೂಲೆಯಲ್ಲಿ ಬರೀ ಅಂಕಿಗಳ ಹೆಸರಿನ ಚಿಕ್ಕ ಚಿಕ್ಕ ಫೈಲುಗಳ ಒಂದು ಗುಂಪಿತ್ತು. ಫೋಟೊ ಅಲ್ಲ, ವಿಡಿಯೊ ಅಲ್ಲ. ಫೋನು ತಾನಾಗೇ ಉಗುಳಿದ ಕಸ ಇರಬೇಕು ಅಂದುಕೊಂಡು ಅದನ್ನೂ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದ. ತನಗೆ ಬಹಳ ಸಮಾಧಾನವಾಯಿತು ಅಂತ ಆ ಸಂಜೆ ನನ್ನ ಹತ್ತಿರ ಹೇಳಿದ್ದ.

ಸ್ವಲ್ಪ ದಿನಕ್ಕೆ ಒಂದು ಸಂದೇಶ ಬಂತು. 'ದೂಜಾ ಈ ಫೋಲ್ಡರನ್ನು ತೊರೆದಿದ್ದಾರೆ.' ಅಷ್ಟೇ. ಅದು ಅವಳು ಬರೆದದ್ದಲ್ಲ, ಯಂತ್ರ ಕಳಿಸಿದ್ದು.

"ಏನೋ ಕೈತಪ್ಪಿ ಒತ್ತಿರಬೇಕು," ಅಂದ ಶಾದ್ಲಿ. ಮತ್ತೆ ಸೇರಿಕೊಳ್ಳಲು ಆಹ್ವಾನ ಕಳಿಸಿದ. ಉತ್ತರವಿಲ್ಲ. ಇನ್ನೊಂದು ಕಳಿಸಿದ. 'ಯಾರಿವರು?'ಗೆ ನಾಲ್ಕೈದು ಹೊಸ ಫೋಟೊ ಹಾಕಿ, ದಿನಾ ಬೆಳಿಗ್ಗೆ ಎದ್ದು ನೋಡುತ್ತಿದ್ದ. ಅವಳಿಗೆ ಅದು ಈಗ ಕಾಣುವುದೇ ಇಲ್ಲ ಅಂತ ಅವನಿಗೆ ಗೊತ್ತಿತ್ತು, ಆದರೂ ನೋಡುತ್ತಿದ್ದ. ಅಂಗಡಿಗೆ ಬಂದರೆ ಕನ್ನಡಕ ಜೋಡಿಸುವುದನ್ನು ಬಿಟ್ಟ. ಚಹಾ ಆರಿ ಹೋಗುತ್ತಿತ್ತು.

ಒಂದು ದಿನ ಅವನೇ ಅಂದ: "ಬಿಜೆರ್ತಾಗೆ ಹೋಗಬೇಕು. ಒಬ್ಬನೇ ಹೋದ್ರೆ ಬಾಗಿಲು ತೆಗೆಯಲ್ಲ. ನೀನೂ ಬಾ."

"ನಾನು ಬಂದ್ರೆ ತೆಗೀತಾಳಾ?"

"ನಿನ್ನ ಮುಂದೆ ಮರ್ಯಾದೆಗೆ ತೆಗೀತಾಳೆ."

ಅಂಗಡಿ ಮುಚ್ಚಿ ಹೊರಟೆ. ಟ್ಯೂನಿಸ್‌ವರೆಗೆ ರೈಲು, ಅಲ್ಲಿಂದ ವ್ಯಾನು. ದಾರಿಯುದ್ದಕ್ಕೂ ಅವನು ಲ್ಯಾಪ್‌ಟಾಪಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಹೊರಗೆ ಆಲಿವ್ ತೋಟಗಳು ಹಿಂದೆ ಓಡುತ್ತಿದ್ದವು. ಅವನು ಒಮ್ಮೆಯೂ ಕಿಟಕಿ ಕಡೆ ತಿರುಗಲಿಲ್ಲ.

ದೂಜಾಳ ಮನೆ ಹಳೇ ಬಂದರಿನ ಹಿಂದೆ, ಎರಡನೇ ಮಹಡಿ. ಬಾಗಿಲು ತೆಗೆದವಳು ನಮ್ಮಿಬ್ಬರನ್ನೂ ನೋಡಿದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಮುಖ ಥೇಟು ಲಲ್ಲಾ ಬೇಯಾಳದೇ.

"ಬನ್ನಿ ಬೆಶೀರಣ್ಣ. ಮನೆಯವರು ಚೆನ್ನಾಗಿದ್ದಾರಾ? ಮಕ್ಕಳು?"

ಒಳಗೆ ಕರೆದು ಕೂರಿಸಿದಳು. ಊಟದ ಹೊತ್ತಾಗಿತ್ತು, ಮೀನು ಹಾಕಿ ಮಾಡಿದ ಕುಸ್‌ಕುಸ್ ತಂದಿಟ್ಟಳು. ಅಣ್ಣನ ಕಡೆ ಮುಖ ತಿರುಗಿಸಲಿಲ್ಲ.

"ಬೆಶೀರಣ್ಣ, ನಿಮ್ಮ ಸ್ನೇಹಿತರಿಗೆ ಇನ್ನೊಂದು ತುಂಡು ಮೀನು ಹಾಕಿ. ಅವರು ಕೇಳಿ ಹಾಕಿಸಿಕೊಳ್ಳೋರಲ್ಲ."

"ದೂಜಾ," ಅಂದ ಶಾದ್ಲಿ.

"ಹರೀಸಾ ಬೇಕಾ ಅಂತಲೂ ಕೇಳಿ. ಖಾರ ತಿಂತಾರಲ್ಲ ಇನ್ನೂ?"

"ದೂಜಾ, ನಾನೇನು ಮಾಡ್ದೆ? ಹೇಳಿದ್ರೆ ತಾನೆ ಗೊತ್ತಾಗೋದು."

ಅವಳು ಚಮಚ ಕೆಳಗಿಟ್ಟಳು. ಮೊದಲ ಸಲ ಅವನ ಕಡೆ ತಿರುಗಿದಳು.

"ಅಮ್ಮನ ದನಿ ಎಲ್ಲಿ?"

"ಯಾವ ದನಿ?"

"ಕೊನೇ ವರ್ಷ ಅಮ್ಮ ನನಗೆ ಫೋನಿನಲ್ಲಿ ಮಾತಾಡಿ ಮಾತಾಡಿ ಕಳಿಸ್ತಿದ್ಲು. ಬರೆಯೋಕೆ ಬರ್ತಿರಲಿಲ್ವಲ್ಲ ಅವಳಿಗೆ. ಊಟ ಆಯ್ತಾ, ಕಾಲು ನೋಯ್ತಿದೆ, ಮಲ್ಲಿಗೆ ಬಿಟ್ಟಿದೆ, ನಿಮ್ಮಣ್ಣ ಇನ್ನೂ ಬಂದಿಲ್ಲ. ನನ್ನ ಫೋನು ಬಂದರಿನಲ್ಲಿ ನೀರಿಗೆ ಬಿತ್ತು. ಅದಕ್ಕೆ ಮುಂಚೆ ಎಲ್ಲಾನೂ ಆ ಫೋಲ್ಡರಿಗೆ ಹಾಕಿದ್ದೆ, ಅಲ್ಲಿ ಇದ್ರೆ ಭದ್ರ ಅಂತ. ಬೇಜಾರಾದಾಗ ಒಂದು ಕೇಳ್ತಿದ್ದೆ. ಹೋದ ತಿಂಗಳು ಹೋಗಿ ನೋಡಿದ್ರೆ ಜಾಗ ಗುಡಿಸಿದ ಹಾಗಿದೆ."

ಶಾದ್ಲಿಯ ಮುಖ ನೋಡಲಾಗಲಿಲ್ಲ ನನಗೆ.

"ಅವಕ್ಕೆ ಹೆಸರಿರಲಿಲ್ಲ ದೂಜಾ," ಅಂದ. "ಬರೀ ಅಂಕಿ. ನಾನು..."

"ಹೆಸರಿಲ್ಲ ಅಂತ ಎಸೆದೆಯಾ? ಒಂದನ್ನ ತೆಗೆದು ಕೇಳೋಕೂ ಆಗ್ಲಿಲ್ವಾ? ಮಣ್ಣು ಮಾಡುವಾಗ ಕಾಯಲಿಲ್ಲ. ಇದಕ್ಕೂ ಕಾಯಲಿಲ್ಲ."

ಅವನು ತಟ್ಟೆಯ ಮುಂದೆ ತಲೆ ತಗ್ಗಿಸಿ ಕುಳಿತ. ಸೆಖೆ, ಮಾವಂದಿರು, ಇಮಾಮರು ಅಂತ ಇಷ್ಟು ವರ್ಷ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದನ್ನೆಲ್ಲ ಈಗಲಾದರೂ ಹೇಳುತ್ತಾನೆ ಅಂದುಕೊಂಡೆ. ಹೇಳಲಿಲ್ಲ. "ನನಗೆ ಧೈರ್ಯ ಇರಲಿಲ್ಲ," ಅಂದ. "ಎಲ್ಲರೂ ಹೇಳ್ತಿದ್ರು. ಬೇಡ ಅನ್ನೋಕೆ ಧೈರ್ಯ ಬರಲಿಲ್ಲ."

ದೂಜಾ ಎದ್ದು ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟ ಶಬ್ದ ಕೇಳಿಸಿತು. ಅವಳು ಬಹಳ ಹೊತ್ತು ಈಚೆ ಬರಲಿಲ್ಲ. ಬಂದವಳು ಕಿತ್ತಳೆ ಹಣ್ಣು ಸುಲಿದು ನನ್ನ ಮುಂದೆ ಒಂದು ತಟ್ಟೆ, ಅವನ ಮುಂದೆ ಒಂದು ತಟ್ಟೆ ಇಟ್ಟಳು. ಆಮೇಲೆ ಮಾತು ಬಂದರಿನ ಗದ್ದಲ, ಆಸ್ಪತ್ರೆಯಲ್ಲಿ ದಾದಿಯರ ಕೊರತೆ ಅಂತ ಎಲ್ಲೆಲ್ಲೋ ಹೋಯಿತು. ಹೊರಡುವಾಗ ಬಾಗಿಲಲ್ಲಿ ನಿಂತು, "ಜೋಪಾನವಾಗಿ ಹೋಗಿ ಬೆಶೀರಣ್ಣ" ಅಂದಳು.

ವಾಪಸು ಬಂದ ಮೇಲೆ ಶಾದ್ಲಿ ಊರಿನಲ್ಲಿರುವ ಕಂಪ್ಯೂಟರ್ ರಿಪೇರಿಯವರನ್ನೆಲ್ಲ ಸುತ್ತಿದ. ಒಮ್ಮೆ ಖಾಲಿ ಮಾಡಿದ ಬುಟ್ಟಿಯಿಂದ ತೆಗೆಯುವುದು ಸಾಧ್ಯವಿಲ್ಲ ಅಂತ ಎಲ್ಲರೂ ಹೇಳಿದರು. ಒಬ್ಬ ಮಾತ್ರ, "ಯಾಕೆ ಹಾಜಿ, ಅಷ್ಟು ಮುಖ್ಯವಾದ್ದನ್ನ ಅಳಿಸಿದ್ದು ಯಾರು?" ಅಂತ ಕೇಳಿದನಂತೆ. ಇವನು ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಎದ್ದು ಬಂದ.

ಅವನು ತನ್ನ ಸ್ವಂತದ್ದನ್ನು ಯಾವತ್ತೂ ಅಳಿಸಿದವನಲ್ಲ. ಪ್ರತಿ ಸಲ ಫೋನು ಬದಲಾಯಿಸಿದಾಗ ಹಳೆಯದರಲ್ಲಿದ್ದದ್ದನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿ, ವರ್ಷದ ಪ್ರಕಾರ ಇಟ್ಟಿದ್ದ. ಅದರೊಳಗೆ ಏನಿದೆ ಅಂತ ತೆರೆದು ನೋಡಿರಲಿಲ್ಲ, ಅಷ್ಟೇ. ಒಂದು ಮಧ್ಯಾಹ್ನ ಅಂಗಡಿಗೆ ಬಂದು, ಗಿರಾಕಿ ಹೋಗುವವರೆಗೆ ಕಾದು, ಲ್ಯಾಪ್‌ಟಾಪ್ ನನ್ನ ಮುಂದೆ ಇಟ್ಟ.

"ಸಿಕ್ಕಿದೆ. ಅವಳದ್ದಲ್ಲ. ನನ್ನದು. ನಾನು ಆಫೀಸಿನಲ್ಲಿದ್ದಾಗ ಅಮ್ಮ ಕಳಿಸಿದ್ದು. ಕೆಲವನ್ನ ಆಗಲೂ ಕೇಳಿರಲಿಲ್ಲ ನಾನು. ಬ್ರೆಡ್ ತಾ ಅಂತಿರುತ್ತೆ ಅಂತ ಗೊತ್ತಿತ್ತು, ತಂದುಬಿಡ್ತಿದ್ದೆ."

"ಹಾಕು."

"ನೀನೇ ಒತ್ತು."

ಒತ್ತಿದೆ. ಲಲ್ಲಾ ಬೇಯಾಳ ಒಡಕು ದನಿ ಅಂಗಡಿಯ ತುಂಬ ತುಂಬಿತು. "ಶೆದ್‌ಶೆದ್, ಬರ್ತಾ ಬ್ರೆಡ್ ತಗೊಂಡು ಬಾ. ಎರಡು ಸಾಕು. ಆ ಮೂಲೆಯವನ ಹತ್ತಿರ ಬೇಡ, ಅವನದ್ದು ಒಳಗೆ ಹಸಿ ಇರುತ್ತೆ." ಶೆದ್‌ಶೆದ್ ಅಂತ ಅವನನ್ನು ಕರೆಯುತ್ತಿದ್ದದ್ದು ಆ ಒಂದು ಜೀವ ಮಾತ್ರ. ಅವನು ಕೌಂಟರಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಇನ್ನೊಂದರಲ್ಲಿ ನಲ್ಲಿ ಸೋರುತ್ತಿದೆ ಅಂತಿತ್ತು. ಇನ್ನೊಂದರಲ್ಲಿ ಏನೂ ಇರಲಿಲ್ಲ, ಬರೀ ಅವಳ ಉಸಿರು, ದೂರದಲ್ಲಿ ಕುಕ್ಕರಿನ ಸೀಟಿ. ಬಟನ್ನು ಒತ್ತಿ ಮಾತಾಡಲು ಮರೆತಿದ್ದಳೇನೋ.

ಒಂದರಲ್ಲಿ ದೂಜಾಳ ವಿಷಯವಿತ್ತು. "ನಿನ್ನ ತಂಗಿ ಈಗ ಫೋನ್ ಮಾಡಿದ್ಲು. ಉಪ್ಪು ತಿನ್ನಬೇಡ, ಎಣ್ಣೆ ತಿನ್ನಬೇಡ, ಹೊರಗೆ ಹೋಗಬೇಡ. ನಾನೇನು ಅವಳ ಆಸ್ಪತ್ರೆ ರೋಗಿಯಾ? ಪಿಶಾಚಿ! ಬಂದ್ರೆ ಕಸಬರಿಕೆ ತಗೋತೀನಿ. ಯಾವಾಗ ಬರ್ತಾಳೆ ಕೇಳು."

ಅದನ್ನು ಕಳಿಸುವುದೋ ಬೇಡವೋ ಅಂತ ಅವನಿಗೆ ದೊಡ್ಡ ಚಿಂತೆಯಾಯಿತು. "ಬೈದಿದ್ದಾಳೆ ಕಣೋ."

"ಕಳಿಸು," ಅಂದೆ. "ನೀನು ಆರಿಸೋಕೆ ಹೋಗಬೇಡ ಇನ್ನು."

ಎಲ್ಲವನ್ನೂ ಹೇಗಿತ್ತೋ ಹಾಗೇ, ಅಂಕಿಗಳ ಹೆಸರಿನಲ್ಲೇ, ಅವಳಿಗೆ ಕಳಿಸಿದ.

ಎರಡು ದಿನದ ಮೇಲೆ ಅಂಗಡಿಯ ಫೋನು ಬಡಿಯಿತು. ದೂಜಾ. "ಬೆಶೀರಣ್ಣ, ಇದ್ದಾನಾ ಅಲ್ಲಿ?" ಫೋನು ಅವನ ಕೈಗೆ ಕೊಟ್ಟೆ. ಆ ಕಡೆಯಿಂದ ಅವಳ ನಗು ನನಗೂ ಕೇಳಿಸುತ್ತಿತ್ತು.

"ಕೇಳಿದೆಯಾ ಹೇಗೆ ಬೈತಾಳೆ? ಕಸಬರಿಕೆ ತಗೋತಾಳಂತೆ!" ನಗುತ್ತಾ ನಗುತ್ತಾ ದನಿ ಬೇರೆಯಾಯಿತು. ನಾನು ಹೊರಗೆ ಹೋಗಿ ನಿಂತೆ.

ಒಳಗೆ ಬಂದಾಗ ಅವನು ಫೋನು ಇಟ್ಟಾಗಿತ್ತು.

"ಮತ್ತೆ ಫೋಲ್ಡರಿಗೆ ಬಾ ಅಂತ ಕೇಳ್ದೆ. ಬರಲ್ವಂತೆ. ಬಿಡೋದಕ್ಕೆ ಮುಂಚೆಯೇ ಫೋಟೊ ಎಲ್ಲಾ ಇಳಿಸಿಕೊಂಡಿದ್ದಾಳಂತೆ. ನೀನು ನಿನ್ನ ಥರ ಇಟ್ಕೋ, ನಾನು ನನ್ನ ಥರ ಇಟ್ಕೋತೀನಿ ಅಂದ್ಲು. ಸಿಟ್ಟಲ್ಲಿ ಹೇಳಲಿಲ್ಲ."

"ಮಾತಾದ್ರೂ ಶುರುವಾಯ್ತಲ್ಲ."

"ಹೂಂ," ಅಂದ.

ಈಗ ಹಬ್ಬಕ್ಕೆ ಫೋನ್ ಮಾಡುತ್ತಾರೆ. ರಂಜಾನಿಗೆ ಒಮ್ಮೆ, ಬಕ್ರೀದಿಗೆ ಒಮ್ಮೆ, ತಾಯಿ ತೀರಿಕೊಂಡ ದಿನಕ್ಕೆ ಒಮ್ಮೆ. ಯೋಗಕ್ಷೇಮ, ಹವೆ, ಕಾಲುನೋವು. ಅಷ್ಟರಲ್ಲಿ ಮುಗಿಯುತ್ತದೆ. ಅವನು ಮತ್ತೆ ಹೋಗಲಿಲ್ಲ, ಅವಳೂ ಬಂದಿಲ್ಲ. ಅವನ ಫೋಲ್ಡರಿನಲ್ಲಿ ಯಾವುದೂ ತಾನಾಗಿ ಜಾಗ ಬದಲಾಯಿಸುವುದಿಲ್ಲ. ಹಿಂದಿನ ದಿನ ಇಟ್ಟದ್ದು ಮರುದಿನ ಅಲ್ಲೇ ಇರುತ್ತದೆ. ಹೆಸರಿಲ್ಲದ್ದಕ್ಕೆ ಬೇರೆ ಜಾಗ ಮಾಡಿದ್ದಾನೆ, ಅದರಿಂದ ಏನನ್ನೂ ಅಳಿಸುವುದಿಲ್ಲ.

ಹೋದ ತಿಂಗಳು ಪಿಂಚಣಿಯ ಹೊಸ ಕಾರ್ಡಿಗೆ ಒಂದು ಫೋಟೊ ಬೇಕಾಯಿತು. 'ಜನ' ತೆರೆದು ತನ್ನ ಹೆಸರನ್ನು ಒತ್ತಿದ. ಗೌನು ಹಾಕಿದ ಮಗು, ಶಾಲೆಯ ಸಾಲಿನಲ್ಲಿ ನಿಂತ ಹುಡುಗ, ಇಲಾಖೆಗೆ ಸೇರಿದಾಗಿನ ಒಂದು. ಅಲ್ಲಿಗೆ ನಿಂತಿತು.

"ಇಷ್ಟೇನಾ?" ಅಂದೆ.

"ಮನೆಯಲ್ಲಿ ಕ್ಯಾಮರಾ ಹಿಡೀತಿದ್ದದ್ದು ನಾನೇ ಅಲ್ವಾ," ಅಂದ.

ಗೋಡೆಗೆ ಒರಗಿಸಿ ನಿಲ್ಲಿಸಿ ನನ್ನ ಫೋನಿನಲ್ಲಿ ಒಂದು ತೆಗೆದೆ. ಕತ್ತಿನ ಗುಂಡಿ ಹಾಕಿಕೊಂಡು, ಉಸಿರು ಬಿಗಿಹಿಡಿದು ನಿಂತಿದ್ದ. ಅದನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು, ವರ್ಷ, ತಿಂಗಳು, ತಾರೀಖು, ತನ್ನ ಹೆಸರು ಬರೆದ.

"ದೂಜಾಗೂ ಒಂದು ಕಳಿಸೋ."

"ಕೇಳಿದ್ರೆ ಕಳಿಸ್ತೀನಿ."

ಬಕ್ರೀದ್ ಮೊನ್ನೆ ಆಯಿತು. ಅವಳು ಫೋನ್ ಮಾಡಿದ್ದಳಂತೆ. ಕಾಲುನೋವು ಸ್ವಲ್ಪ ಕಡಿಮೆ ಇದೆಯಂತೆ. ಅಲ್ಲಿ ಗಾಳಿ ಜೋರಂತೆ. ಫೋಟೊ ವಿಷಯ ಅವಳು ಕೇಳಲಿಲ್ಲ, ಇವನೂ ಹೇಳಲಿಲ್ಲ.